ಚಿತೆ ತೋರಿಸಿದ್ರಾ?

ಆ ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ದಿನಕ್ಕೆ ಎಂಟುನೂರು ಬೆಡ್‌ಶೀಟುಗಳು ಒಗೆಸಿಕೊಂಡು, ಇಸ್ತ್ರಿಯಾಗಿ, ಮಡಚಿಕೊಂಡು ಮೇಲೆ ಹೋಗುತ್ತವೆ. ಇಸ್ತ್ರಿ ರೋಲರಿನ ಬಾಯಿಗೆ ಒದ್ದೆ ಬಟ್ಟೆ ಉಣಿಸುವುದು ಅಕ್ಕನ ಕೆಲಸ. ಪರದೇಶಕ್ಕೆ ಬಂದು ನಾಲ್ಕು ವರ್ಷವಾದರೂ ಅವಳು ಕಂಡ ಪರದೇಶವೆಂದರೆ ಈ ನೆಲಮಾಳಿಗೆ, ಆರು ಮಂಚಗಳ ಕೋಣೆ, ನಡುವಿನ ಬಸ್ಸು. ಊರಿನವರು ಮಾತ್ರ ಅವಳು ಫಾರಿನ್ನಿನಲ್ಲಿ ಮೆರೆಯುತ್ತಿದ್ದಾಳೆ ಅಂದುಕೊಂಡಿದ್ದರು. ಅಂದುಕೊಳ್ಳಲಿ ಬಿಡಿ, ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ?

ಕೆಲಸದ ಹೊತ್ತಿನಲ್ಲಿ ಫೋನು ಲಾಕರಿನಲ್ಲಿರಬೇಕು. ಮಧ್ಯಾಹ್ನದ ಅರ್ಧ ಗಂಟೆಯ ಬಿಡುವಿನಲ್ಲಿ ಊರಿನಿಂದ ತಂಗಿ ಮಾಡುವ ಕರೆಯೇ ಅವಳ ಜೀವ. ಮೊದಲ ಮಾತು ಕಾಯಿಲೆ ಬಿದ್ದ ಅಣ್ಣನ ಬಗ್ಗೆ. “ಹೇಗಿದ್ದಾನೆ?” “ಹಾಗೇ ಇದ್ದಾನೆ.” ಉಳಿದ ಹೊತ್ತೆಲ್ಲ ಧಾರಾವಾಹಿ. ಹಿಂದಿನ ಸಂಜೆ ನಡೆದದ್ದನ್ನು ತಂಗಿ ಎಲ್ಲರ ದನಿಯನ್ನೂ ಅಣಕಿಸಿ ಹೇಳುವಳು. ಪಾತ್ರಗಳನ್ನು ಅವರು ಹೆಸರು ಹಿಡಿದು ಕರೆದವರೇ ಅಲ್ಲ. ಅತ್ತೆ, ದೊಡ್ಡ ಸೊಸೆ, ಅಣ್ಣ, ಎಲ್ಲರೂ ಮನೆಯವರೇ. ಧಾರಾವಾಹಿಯ ಆ ಅಣ್ಣ ಕೋಮಾದಲ್ಲಿ ಮಲಗಿ ಒಂದು ತಿಂಗಳಾಗಿತ್ತು, ಮುಖದ ಮೇಕಪ್ಪು ಮಾತ್ರ ಒಂದಿಷ್ಟೂ ಕೆಟ್ಟಿರಲಿಲ್ಲ.

ಮನೆಯ ಅಣ್ಣನ ಕಥೆ ಬೇರೆ. ಅಪ್ಪ ಅಮ್ಮ ಹೋದ ಮೇಲೆ ತಂಗಿಯರಿಬ್ಬರನ್ನೂ ಸಾಕಿದವನು ಅವನೇ. ತನ್ನ ಮಾತು ಮೀರಿ ಅಕ್ಕ ವಿಮಾನ ಹತ್ತಿದ ದಿನದಿಂದ ಅವಳೊಂದಿಗೆ ಮಾತು ಬಿಟ್ಟಿದ್ದ. ಹಟದಲ್ಲಿ ಇಬ್ಬರೂ ಒಂದೇ ಅಚ್ಚು. ಲಿವರ್ ಕೈಕೊಟ್ಟು ಹಾಸಿಗೆ ಹಿಡಿದ ಮೇಲೆ ತಂಗಿಯ ಹತ್ತಿರ ಅಂದಿದ್ದನಂತೆ: “ಫೋನಲ್ಲೆಲ್ಲಾ ಆಗಲ್ಲ. ಅವಳು ಬರ್ಲಿ, ಎದುರಿಗೆ ಕೂರಿಸ್ಕೊಂಡು ಮಾತಾಡ್ತೀನಿ.” ಆ ಮಾತಿಗಾಗಿ ಅಕ್ಕ ಮೇಲ್ವಿಚಾರಕನ ಕಾಲಿಗೆ ಬೀಳುವುದೊಂದು ಬಾಕಿಯಿತ್ತು. ಕೊನೆಗೂ, ಮನೆಯಲ್ಲಿ ಕಾಯಿಲೆ ಎಂಬ ಕಾರಣಕ್ಕೆ, ಸೋಮವಾರದಿಂದ ಹತ್ತು ದಿನ ರಜೆ ಸಿಕ್ಕಿತು.

ಗುರುವಾರ ಊಟದ ಡಬ್ಬಿ ತೆರೆದು ಮೊದಲ ತುತ್ತು ಎತ್ತುವಷ್ಟರಲ್ಲಿ ಫೋನು ಬಂತು. ಅವಳು ಏನಾದರೂ ಕೇಳುವ ಮೊದಲೇ ತಂಗಿ ಅಂದಳು:

“ಅಣ್ಣ ಹೋಗ್ಬಿಟ್ಟ ಕಣಕ್ಕ.”

ಅಕ್ಕ ನಕ್ಕುಬಿಟ್ಟಳು. “ಅಂತೂ ಕಳಿಸಿದ್ರಾ? ನಂಬಬೇಡ ಕಣೇ. ಆ ನಟ ಜಗಳ ಆಡ್ಕೊಂಡು ಬಿಟ್ಟಿರ್ತಾನೆ. ಬೇರೆ ಮುಖ ಹಾಕ್ಕೊಂಡು ವಾಪಸ್ ಬರ್ತಾನೆ, ನೋಡ್ತಿರು. ಚಿತೆ ತೋರಿಸಿದ್ರಾ? ಚಿತೆ ತೋರಿಸ್ಲಿಲ್ಲ ಅಂದ್ರೆ ಸತ್ತಿಲ್ಲ ಅಂತಲೇ ಅರ್ಥ.”



“ಬೆಳಿಗ್ಗೆ ಸುಟ್ಟು ಬಂದ್ವಿ ಅಕ್ಕ.”

ಬಂದರು ಅಲ್ಲ, ಬಂದ್ವಿ. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ನಕ್ಕ ಬಾಯಿಯನ್ನು ಹೇಗೆ ಮುಚ್ಚಬೇಕೆಂದು ಅವಳಿಗೆ ತಿಳಿಯಲಿಲ್ಲ. ಸಾಕಿದ ಅಣ್ಣ ಸತ್ತ ಸುದ್ದಿಗೆ ಅವಳು ನಕ್ಕಿದ್ದಳು, ಅದನ್ನು ತಂಗಿ ಕೇಳಿಸಿಕೊಂಡಿದ್ದಳು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ನನಗೆ ಅಂತ ಏನಾದ್ರೂ ಹೇಳಿದ್ನಾ?”

“ಇಲ್ಲಕ್ಕ. ಬಾಗಿಲ ಕಡೆ ನೋಡ್ತಾನೇ ಇದ್ದ. ಸೋಮವಾರ ಬರ್ತೀಯಲ್ಲ? ಮನೇಲಿ ನಾನೊಬ್ಬಳೇ.”

“ಬರ್ತೀನಿ.”

ಮೇಲ್ವಿಚಾರಕ ಕೆಟ್ಟವನೇನಲ್ಲ, ನಿಯಮದ ಪುಸ್ತಕ ನುಂಗಿ ಕೂತವನು. ಸುದ್ದಿ ಕೇಳಿ ತಲೆ ತಗ್ಗಿಸಿದ. ಆಮೇಲೆ ಕಂಪ್ಯೂಟರು ನೋಡಿ ಮೆಲ್ಲಗೆ ಹೇಳಿದ: ರೋಗಿಯನ್ನು ನೋಡಿಕೊಳ್ಳಲು ಕೊಟ್ಟ ರಜೆ, ರೋಗಿಯೇ ಇಲ್ಲದ ಮೇಲೆ ನಡೆಯುವುದಿಲ್ಲ. ಸಾವಿನ ರಜೆ ತಂದೆ, ತಾಯಿ, ಗಂಡ, ಮಕ್ಕಳಿಗೆ ಮಾತ್ರ. ಒಡಹುಟ್ಟಿದವರು ಪಟ್ಟಿಯಲ್ಲಿಲ್ಲ.

ರಜೆ ಅಳಿಸಲು ಅವನ ಬೆರಳು ಮುಂದೆ ಹೋಯಿತು. ಅಕ್ಕ ಕೈ ಅಡ್ಡ ಹಿಡಿದಳು.

“ಸತ್ತಿಲ್ಲ ಸರ್,” ಅಂದಳು. “ಇನ್ನೂ ಹುಷಾರಿಲ್ಲ ಅಂತಲೇ ಇರ್ಲಿ.”