ಎರಡಡಿ ಎತ್ತರದ ಮನೆ

ತಂಗಿಯ ಮನೆಗೆ ಹೋದಾಗಲೆಲ್ಲ ದೊಡ್ಡವಳು ಕುರ್ಚಿಯಲ್ಲಿ ಕೂರುವ ಮೊದಲು ತಲೆಯೆತ್ತಿ ಸೂರು ನೋಡುತ್ತಿದ್ದಳು. ಎಷ್ಟು ಎತ್ತರ ಇದ್ದೀತು ಇದು? ಹೊಲಿಗೆಯವಳ ಕಣ್ಣು ಅವಳದು. ಎದುರಿಗೆ ನಿಂತವರ ತೋಳು, ಸೊಂಟದ ಅಳತೆಯನ್ನು ಟೇಪು ಹಿಡಿಯದೆಯೇ ಹೇಳಬಲ್ಲಳು. ಗೋಡೆಯ ಅಳತೆ ಮಾತ್ರ ಕಣ್ಣಿಗೆ ದಕ್ಕುತ್ತಿರಲಿಲ್ಲ. ಹೊಟ್ಟೆಕಿಚ್ಚಿಗೂ ಒಂದು ಖಚಿತ ಅಳತೆ ಬೇಕಲ್ಲ! ಒಂದು ದಿನ ತಂಗಿ ಚಹಾ ಮಾಡಲು ಒಳಗೆ ಹೋದಾಗ ಎರಡು ಟೇಪುಗಳನ್ನು ಪಿನ್ನಿನಿಂದ ಜೋಡಿಸಿ, ತುದಿಗೆ ಕತ್ತರಿ ಕಟ್ಟಿ, ಮೊದಲ ಮಹಡಿಯ ಬಾಲ್ಕನಿಯಿಂದ ಕೆಳಗೆ ಇಳಿಬಿಟ್ಟಳು.

ತಂಗಿ ಕಪ್ಪು ಹಿಡಿದು ಬಂದು, "ಏನಕ್ಕಾ ಮಾಡ್ತಿದೀಯ ಅಲ್ಲಿ?" ಎಂದಳು.

"ಟೇಪು ಕೈಜಾರಿತು ಕಣೇ" ಎಂದು ದೊಡ್ಡವಳು ಸರಸರ ಮೇಲೆಳೆದುಕೊಂಡಳು. ಕತ್ತರಿ ನೆಲ ಮುಟ್ಟಿದ್ದನ್ನು ಅವಳು ನೋಡಿಯಾಗಿತ್ತು. ಹತ್ತಡಿ.

ಅಪ್ಪ ಬಿಟ್ಟುಹೋದ ಒಂದೇ ನಿವೇಶನವನ್ನು ಅಕ್ಕತಂಗಿಯರಿಗೆ ಸರಿಯಾಗಿ ಎರಡು ಪಾಲು ಮಾಡಲಾಗಿತ್ತು. ಚಿಕ್ಕವಳೂ ಬಸ್ ಡ್ರೈವರ್ ಆಗಿದ್ದ ಅವಳ ಗಂಡನೂ ಮೊದಲು ಕಟ್ಟಿದರು, ಗಡಿಯ ಗೆರೆಯವರೆಗೂ ಚಾಚಿ, ಮೂರು ಅಂತಸ್ತು. ಗೃಹಪ್ರವೇಶವಾದ ಮಾರನೆಯ ದಿನ ಅಮ್ಮ ತನ್ನ ಪೆಟ್ಟಿಗೆ ಎತ್ತಿಕೊಂಡು ಅಲ್ಲಿ ಹೋಗಿ ಕೂತಳು. ದೊಡ್ಡವಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಆ ಮನೆಯಿಂದಲ್ಲ, ಆ ಪೆಟ್ಟಿಗೆಯಿಂದ.

ಇದು ಇಂದು ನಿನ್ನೆಯ ಉರಿಯಲ್ಲ. ಅಮ್ಮನಿಗೆ ಬಟ್ಟೆ ಹೊಲಿದು ಕೊಡುತ್ತಿದ್ದವಳು ದೊಡ್ಡವಳು. ಮೈಗೆ ಅಂಟಿದಂತೆ ಕೂರುತ್ತಿತ್ತು. ಅಮ್ಮ ಕನ್ನಡಿಯ ಮುಂದೆ ಹಿಂದೆಮುಂದೆ ತಿರುಗಿ, "ಬಣ್ಣ ನೋಡು, ಚಿಕ್ಕವಳೇ ಆರಿಸಿದ್ದು" ಎನ್ನುತ್ತಿದ್ದಳು. ಹೊಲಿಗೆಯ ಬಗ್ಗೆ ಒಂದಕ್ಷರವಿಲ್ಲ. ದೊಡ್ಡವಳ ಗಂಡ ಹಡಗಿನ ಮೆಕ್ಯಾನಿಕ್. ವರ್ಷದ ಹೆಚ್ಚು ಕಾಲ ನೀರಿನ ಮೇಲೆಯೇ ಇರುವವನು. ಇಷ್ಟು ಖಾಲಿ ಮನೆಯ ಹೆಣ್ಣುಮಗಳ ಹತ್ತಿರ ಅಮ್ಮ ಬಂದಿರಬಾರದಿತ್ತೇ? ತನಗೆ ಅಮ್ಮ ಬೇಕಿತ್ತು. ಅಷ್ಟೇ. ಅದನ್ನು ಬಾಯಿಬಿಟ್ಟು ಕೇಳುವುದರ ಬದಲು ದೊಡ್ಡವಳು ಮನೆ ಕಟ್ಟಿಸಲು ಹೊರಟಳು.

ಇಂಜಿನಿಯರ್ ನಕ್ಷೆ ಬಿಡಿಸಿಕೊಂಡು ಬಂದ. "ಪಕ್ಕದ ಗೋಡೆಗೂ ನಿಮಗೂ ನಡುವೆ ಒಂದು ಮೊಳ ಜಾಗ ಬಿಡೋಣಮ್ಮ."

"ಅವಳು ಬಿಟ್ಟಿದ್ದಾಳಾ?"

"ಇಲ್ಲ. ಅದಕ್ಕೇ ನೀವು ಬಿಡಬೇಕು."

"ಒಂದು ಬೆರಳೂ ಬಿಡಲ್ಲ. ನನ್ನ ಪಾಲು ಗಾಳಿಗೆ ಕೊಡೋಕಿದೆಯಾ?" ಎಂದಳು ದೊಡ್ಡವಳು. "ಇನ್ನೊಂದು ಮಾತು. ಒಂದೊಂದು ಅಂತಸ್ತೂ ಅವಳದಕ್ಕಿಂತ ಎರಡಡಿ ಎತ್ತರ ಇರಬೇಕು. ಕಂಬ ಅವಳದರ ಎರಡು ಪಟ್ಟು ದಪ್ಪ ಇರಲಿ."

ಇಂಜಿನಿಯರ್ ಪೆನ್ಸಿಲ್ ಕಚ್ಚಿಕೊಂಡ. "ಅಂಟಿಕೊಂಡೇ ಕಟ್ಟೋದಾದ್ರೆ ಎರಡು ಮನೆಯ ಸ್ಲ್ಯಾಬೂ ಒಂದೇ ಮಟ್ಟಕ್ಕೆ ಬಂದ್ರೆ ಒಳ್ಳೇದು. ಭೂಮಿ ಅಲುಗಾಡಿದ್ರೆ..."

"ನಿಮ್ಮಜ್ಜನ ಕಾಲದಲ್ಲಿ ಅಲುಗಾಡಿತ್ತಾ ಇಲ್ಲಿ? ನಿಮಗಾಗಲ್ಲ ಅಂದ್ರೆ ಹೇಳಿ, ಇನ್ನೊಬ್ಬರನ್ನ ಕೇಳ್ತೀನಿ."

ಅವನಿಗೂ ಕೆಲಸ ಬೇಕಿತ್ತು. ಎರಡು ದಿನ ಮುಖ ಊದಿಸಿಕೊಂಡಿದ್ದು ಕೊನೆಗೆ ಸಹಿ ಹಾಕಿದ. ಇಡೀ ಬೀದಿ ಹಾಗೆಯೇ ಬೆಳೆದಿತ್ತು. ಒಬ್ಬರ ಗೋಡೆಗೆ ಇನ್ನೊಬ್ಬರ ಗೋಡೆ, ಒಬ್ಬರ ಅಂತಸ್ತಿನ ಮೇಲೆ ಇನ್ನೊಬ್ಬರ ಹಟ.

ಮನೆ ಮುಗಿಯಿತು. ದೊಡ್ಡವಳು ತನ್ನ ತಾರಸಿಯ ಅಂಚಿನಲ್ಲಿ ನಿಂತರೆ ತಂಗಿಯ ತಾರಸಿ, ಒಣಹಾಕಿದ ಬಟ್ಟೆ, ಬಕೆಟ್ಟು, ಎಲ್ಲವೂ ಕಾಲಡಿಗೆ ಕಾಣುತ್ತಿದ್ದವು. ಎದೆಗೆ ತಂಪು ಹೊಯ್ದಂತಾಯಿತು, ಎರಡು ವಾರದ ಮಟ್ಟಿಗೆ. ಅಮ್ಮ ಚಿಕ್ಕವಳ ಜೊತೆ ಬಂದು ನೋಡಿದಳು, ಮೆಟ್ಟಿಲಿಗೆ ಏದುಸಿರು ಬಿಟ್ಟಳು, "ತುಂಬ ಎತ್ತರ ಆಯ್ತಲ್ಲೇ" ಎಂದು ಹೊರಟೇಹೋದಳು. ಕೆಳಗಿಳಿಯುವಾಗ ಚಿಕ್ಕವಳ ಭುಜ ಹಿಡಿದುಕೊಂಡಿದ್ದಳು. ಆ ಕೈಯನ್ನು ನೋಡಿ ದೊಡ್ಡವಳು ಹಲ್ಲು ಕಡಿದಳು. ಅಂದಿನಿಂದ ತಂಗಿಯ ಮನೆಯ ನಗು ಗೋಡೆಯಾಚೆಯಿಂದ ಕೇಳಿದರೂ ಸಾಕು, ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಅಮ್ಮ ತಾನೇ ಪೆಟ್ಟಿಗೆಯೊಂದಿಗೆ ಬಾಗಿಲಲ್ಲಿ ನಿಂತಿದ್ದಳು. ದೊಡ್ಡವಳಿಗೆ ನೆಲ ಕಾಣದಾಯಿತು. ಹೊಸ ಹಾಸಿಗೆ ಹಾಸಿದಳು, ಅಮ್ಮನಿಗೆ ಇಷ್ಟವಾದದ್ದನ್ನೆಲ್ಲ ಮಾಡಿದಳು, ಪಕ್ಕದಲ್ಲೇ ಕೂತು ಬಡಿಸಿದಳು. ಅಮ್ಮ ಉಣ್ಣುತ್ತಾ ಹೇಳಿದಳು: "ಚಿಕ್ಕವಳೇ ಕಳಿಸಿದ್ದು. ಅಕ್ಕ ಒಬ್ಬಳೇ ಇದ್ದಾಳೆ, ಸ್ವಲ್ಪ ದಿನ ಇದ್ದು ಬಾ ಅಂತ ಹಟ ಹಿಡಿದಳು. ಎಂಥ ಮನಸ್ಸು ನೋಡು ಅವಳದು."

ದೊಡ್ಡವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅಮ್ಮ ಬಂದದ್ದೂ ತಂಗಿಯ ದಾನ! ತನ್ನದೆಂದು ಒಂದಾದರೂ ಇದೆಯೇ ಈ ಭೂಮಿಯ ಮೇಲೆ?

ಭೂಮಿ ನಡುಗಿದ್ದು ಅದೇ ವಾರ, ಬೆಳಿಗ್ಗೆ, ಶಾಲೆಗೆ ಹೋಗುವ ಮಕ್ಕಳು ಬೀದಿ ದಾಟಿದ ಮೇಲೆ. ಮೊದಲು ಕಿಟಕಿಯ ಗಾಜು ಗಲಗಲ ಎಂದಿತು. ಆಮೇಲೆ ತಂಗಿಯ ಮನೆಯ ಕಡೆಯ ಗೋಡೆಯಿಂದ ಸದ್ದು ಬಂತು. ಧಬ್. ಧಬ್. ಧಬ್. ಅಮ್ಮ ಮಂಚ ಹಿಡಿದು, "ಯಾರೇ ಗೋಡೆ ಗುದ್ದುತಿರೋದು?" ಎಂದು ಕಿರುಚಿದಳು. ಪ್ರತಿ ಗುದ್ದೂ ದೊಡ್ಡವಳ ಕಾಲ ಕೆಳಗಿನ ನೆಲದಿಂದಲೇ ಹೊರಡುತ್ತಿತ್ತು. ಕೊನೆಯ ಗುದ್ದಿಗೆ ಎದುರಿನಿಂದ ಪೆಟ್ಟು ಬರಲಿಲ್ಲ. ಕಿಟಕಿಯಾಚೆ ಬಿಳಿಯ ಧೂಳು ಎದ್ದಿತು. ಅದು ಇಳಿದಾಗ ಕೆಳಗೆ ನೋಡಲು ತಂಗಿಯ ತಾರಸಿಯೇ ಇರಲಿಲ್ಲ.

ಡ್ರೈವರ್ ಬೆಳಗಿನ ಪಾಳಿಗೆ ಹೋಗಿದ್ದ. ಚಿಕ್ಕವಳು ಮನೆಯಲ್ಲಿದ್ದಳು. ಅವಳನ್ನು ಹೊರತೆಗೆದದ್ದು ಮರುದಿನ.

ಉಳಿದ ಮನೆಗಳನ್ನು ಪರೀಕ್ಷಿಸಲು ಅದೇ ಇಂಜಿನಿಯರ್ ಬಂದ. ಕಂಬಗಳನ್ನು ತಟ್ಟಿದ, ಅವಶೇಷದ ಮೇಲೆ ಹತ್ತಿಳಿದ. ಕೊನೆಗೆ ದೊಡ್ಡವಳ ಬಾಗಿಲಲ್ಲಿ ಬಂದು ನಿಂತ.

"ಅಷ್ಟು ದೊಡ್ಡ ಕಂಪನ ಅಲ್ಲಮ್ಮ ಅದು. ಬಯಲಲ್ಲಿ ಒಂಟಿ ಮನೆ ಆಗಿದ್ರೆ ಗೋಡೆ ಬಿರುಕು ಬಿಟ್ಟು ಮುಗೀತಿತ್ತು. ಊರಲ್ಲಿ ಇಷ್ಟು ಜನ ಸತ್ತಿದ್ದು ನಾವು ಕಟ್ಟಿರೋ ರೀತಿಗೆ. ಮೂಲೆ ಕಟ್ಟಡದಲ್ಲಿ ಅಂಗಡಿ ಅಗಲ ಮಾಡೋಕೆ ಕೆಳಗಿನ ಗೋಡೆ ಒಡೆದಿದ್ರು, ಮೇಲಿನದೆಲ್ಲ ಕುಸಿದು ಕೂತಿದೆ. ಇಲ್ಲಿ..."

"ಇಲ್ಲಿ?"

"ಒಂದೊಂದು ಮನೆ ಒಂದೊಂದು ಥರ ತೂಗಾಡುತ್ತೆ. ನಡುವೆ ಜಾಗ ಇಲ್ದಿದ್ರೆ ಡಿಕ್ಕಿ ಹೊಡೀತವೆ. ಸ್ಲ್ಯಾಬಿಗೆ ಸ್ಲ್ಯಾಬ್ ಹೊಡೆದಿದ್ರೆ ತಡ್ಕೋತಿತ್ತೋ ಏನೋ. ನಿಮ್ಮದು ಎತ್ತರ ಇತ್ತಲ್ಲ, ಹೋಗಿ ಅವರ ಕಂಬದ ನಡುವಿಗೇ ಬಡೀತು. ಕಂಬ ಅಲ್ಲೇ ಮುರಿದಿದೆ."

ದೊಡ್ಡವಳು ಒಂದು ಆಸೆಯಿಂದ ಕೇಳಿದಳು: "ಅವರು ಕಟ್ಟಿದ್ದು ಕಳಪೆ ಅಂತೆ? ಸಿಮೆಂಟು ಕಡಿಮೆ ಹಾಕಿದ್ರಂತೆ?"

"ಇಲ್ಲಮ್ಮ. ಎಲ್ಲ ಸರಿಯಾಗೇ ಇತ್ತು." ಅವನು ದನಿ ತಗ್ಗಿಸಿದ. "ನಾನು ಯಾರ ಹತ್ರಾನೂ ಹೇಳಲ್ಲ. ಆ ನಕ್ಷೆಗೆ ನಾನೂ ಸಹಿ ಹಾಕಿದೀನಿ."

ಬೀದಿಗೆ ಬೇರೆಯೇ ಕಥೆ ಸಿಕ್ಕಿತ್ತು. ಡ್ರೈವರ್ ಸಿಮೆಂಟು ಉಳಿಸಿದ, ಕಬ್ಬಿಣ ಉಳಿಸಿದ, ಹೆಂಡತಿಯನ್ನು ಕಳೆದುಕೊಂಡ. ಎಲ್ಲರೂ ಉಪ್ಪುಖಾರ ಹಚ್ಚಿ ಹೇಳಿದ್ದು ಅಮ್ಮನ ಕಿವಿಗೂ ಬಿತ್ತು. ತಲೆಯ ಮೇಲೆ ಸೂರಿಲ್ಲದ ಡ್ರೈವರ್ ಈಗ ದೊಡ್ಡವಳ ಹೊರಕೋಣೆಯಲ್ಲೇ ಇದ್ದ. ಯಾರೊಂದಿಗೂ ಮಾತಿಲ್ಲ, ಕೊಟ್ಟ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂರುತ್ತಿದ್ದ. ಅಮ್ಮ ಅವನ ಮುಖ ನೋಡುತ್ತಿರಲಿಲ್ಲ. ಒಮ್ಮೆ ಅವನು ದೊಡ್ಡವಳನ್ನೇ ಕೇಳಿದ್ದ: "ನಾನೆಲ್ಲಿ ತಪ್ಪಿದೆ ಅತ್ತಿಗೆ? ನಿಂತು ಕಟ್ಟಿಸಿದ್ದೆನಲ್ಲ." ಅವಳು ನೀರು ತರುವ ನೆಪದಲ್ಲಿ ಎದ್ದುಹೋಗಿದ್ದಳು.

ಒಂದು ಮಧ್ಯಾಹ್ನ ದೊಡ್ಡವಳು ಅಮ್ಮನ ತಲೆ ಬಾಚುತ್ತಿದ್ದಳು. ಇವತ್ತು ಹೇಳಿಬಿಡಬೇಕು ಎಂದು ಬೆಳಿಗ್ಗೆಯಿಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. "ಅಮ್ಮಾ, ಆ ಮನೆ..." ಎಂದು ಶುರುವನ್ನೂ ಮಾಡಿದಳು.

"ಆ ಮನೆ ಸುದ್ದಿ ಎತ್ತಬೇಡ" ಎಂದಳು ಅಮ್ಮ. "ಅವನು ಕೈ ಬಿಗಿ ಹಿಡಿಯೋಕೆ ಹೋಗಿ ನನ್ನ ಮಗೂನ ತಿಂದ. ನೀನೇ ಕಣೇ ಜಾಣೆ. ಎಷ್ಟು ಗಟ್ಟಿಯಾಗಿ ಕಟ್ಟಿಸಿದೆ! ಅವಳಿಗೆಲ್ಲಿತ್ತು ಈ ಬುದ್ಧಿ? ನಾನು ಮೊದಲಿಂದಲೂ ನಿನ್ನ ಹತ್ರಾನೇ ಇರಬೇಕಿತ್ತು."

ಬಾಚಣಿಗೆ ಕೂದಲಿನ ನಡುವೆ ನಿಂತಿತು. ಹುಟ್ಟಿದಾಗಿನಿಂದ ಕಾದ ಮಾತು, ಚಿಕ್ಕವಳನ್ನು ಕೆಳಗಿಟ್ಟು ತನ್ನನ್ನು ಮೇಲಿಟ್ಟ ಮಾತು, ಕೊನೆಗೂ ಅಮ್ಮನ ಬಾಯಿಂದಲೇ ಬಂದಿತ್ತು. ಅವನು ಸರಿಯಾಗಿಯೇ ಕಟ್ಟಿದ್ದ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆದರೆ ಸಾಕಿತ್ತು. ದೊಡ್ಡವಳು ಬಾಯಿ ತೆರೆದಳು.

"ಏನಂದೆ ಅಮ್ಮಾ?" ಎಂದಳು. "ಇನ್ನೊಂದ್ಸಲ ಹೇಳು."

ಮಗಳಿಗೆ ಕೇಳಿಸಲಿಲ್ಲವೆಂದುಕೊಂಡ ಅಮ್ಮ ಅದನ್ನೇ ಮತ್ತೆ ಹೇಳಿದಳು, ಗಟ್ಟಿಯಾಗಿ, ಒಂದಕ್ಷರ ಬಿಡದೆ. ಹೊರಕೋಣೆಯಲ್ಲಿ ಊಟ ಮಾಡುತ್ತಿದ್ದವನ ತಟ್ಟೆಯ ಸದ್ದು ನಿಂತುಹೋಯಿತು. ದೊಡ್ಡವಳು ಅಮ್ಮನಿಗೆ ಇನ್ನಷ್ಟು ಹತ್ತಿರ ಸರಿದು ಕೂತಳು.