ಸಣ್ಣದಕ್ಕೂ ದೊಡ್ಡದಕ್ಕೂ ನಡುವೆ ಒಂದು ಚೀಟಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಬಸ್ಸಿನಿಂದ ಶುರು ಮಾಡಿದರೆ ನೀವು ಇದನ್ನು ಪ್ರಯಾಣದ ಕಥೆ ಅಂದುಕೊಳ್ಳುತ್ತೀರಿ. ಕಣ್ಣಿನಿಂದ ಶುರು ಮಾಡಿದರೆ ಮೊದಲ ಸಾಲಿಗೇ ಕರ್ಚೀಫು ತೆಗೆಯುತ್ತೀರಿ. ಹಾಗಾಗಿ ಒಂದು ಮೇಜಿನಿಂದ ಶುರು ಮಾಡುತ್ತೇನೆ. ಮೇಜಿನ ಬಗ್ಗೆ ಯಾರ ತಕರಾರೂ ಇರುವುದಿಲ್ಲ.

(ಇದು ನಾಲ್ಕನೆಯ ಪ್ರಯತ್ನ. ಮೊದಲ ಮೂರರಲ್ಲಿ ಕಂಪ್ಯೂಟರೇ ಕಥೆ ಹೇಳುತ್ತಿತ್ತು. ಓದಿ ನನಗೇ ನಾಚಿಕೆಯಾಯಿತು.)

ಅದೊಂದು ಕಂಪ್ಯೂಟರ್ ಅಂಗಡಿ. ಗಾಜಿನ ಬಾಗಿಲು ತಳ್ಳಿದರೆ ಎದುರಿಗೇ ಉದ್ದನೆಯ ಬಿಳಿ ಮೇಜು. ಅದರ ಎಡತುದಿಯಲ್ಲಿ ಒಂದು ಡೆಸ್ಕ್‌ಟಾಪ್, ಬಲತುದಿಯಲ್ಲಿ ಇನ್ನೊಂದು. ಎಡಗಡೆಯದು ಸಣ್ಣದು: ಅರ್ಜಿ ಬರೆಯುವವರಿಗೆ, ಹೋಮ್‌ವರ್ಕ್ ಮಾಡುವವರಿಗೆ. ಬಲಗಡೆಯದು ದೊಡ್ಡದು: ಸಿನಿಮಾ ಮಾಡುವವರಿಗೆ, ಸೇತುವೆ ಕಟ್ಟುವವರಿಗೆ, ಬೆಲೆ ಕೇಳಿದ ಮೇಲೂ ಅಲ್ಲೇ ನಿಂತಿರುವವರಿಗೆ. ಇವೆರಡರ ನಡುವೆ ಮೊದಲು ಒಂದು ಮಧ್ಯದ ಮಾಡೆಲ್ ಇತ್ತು. ಕಂಪನಿ ಅದನ್ನು ನಿಲ್ಲಿಸಿಬಿಟ್ಟಿತು. ಯಾಕೆ ಅಂತ ಹೇಳಲಿಲ್ಲ, ಬದಲಿಗೆ ಏನನ್ನೂ ಕೊಡಲಿಲ್ಲ. ಅದು ಕೂತಿದ್ದ ಜಾಗದಲ್ಲಿ ನಾಲ್ಕು ರಬ್ಬರ್ ಕಾಲುಗಳ ಗುರುತು ಉಳಿಯಿತು.

ಆ ಮೇಜು ನೋಡಿಕೊಳ್ಳುವವಳಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. ಹನ್ನೆರಡು ವರ್ಷದಿಂದ ಅಲ್ಲೇ ಇದ್ದಾಳೆ. ಅಂಗಡಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಾರೆ, ಅವಳಿಗಿಂತ ದೊಡ್ಡವರೂ ಸೇರಿ. ಮೇಜು ಬೋಳಾಗಿ ಕಂಡರೆ ಜನ ಅಂಗಡಿ ಮುಚ್ಚುತ್ತಿದ್ದಾರೆ ಅಂದುಕೊಳ್ಳುತ್ತಾರೆ ಅನ್ನುವುದು ಅವಳ ನಂಬಿಕೆ. ಆವತ್ತೇ ಒಂದು ದಪ್ಪ ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಶೀಘ್ರದಲ್ಲೇ ಬರಲಿದೆ’ ಎಂದು ಪ್ರಿಂಟ್ ತೆಗೆದು, ಮಡಚಿ, ಆ ನಾಲ್ಕು ಗುರುತುಗಳ ನಡುವೆ ನಿಲ್ಲಿಸಿದಳು. ಏನು ಬರಲಿದೆ, ಯಾವಾಗ, ಯಾರು ಹೇಳಿದ್ದು? ಯಾರೂ ಹೇಳಿರಲಿಲ್ಲ. ಒಂದು ವಾರದ ಮಟ್ಟಿಗೆ ಇರಲಿ ಅಂತ ಇಟ್ಟಿದ್ದು.

ಆ ಚೀಟಿಯನ್ನು ಒಬ್ಬರು ನಂಬಿದರು.

೨

ನಂಬಿದವರು ರಿಟೈರಾದ ಬಸ್ ಡ್ರೈವರ್. ಮೂವತ್ತೊಂದು ವರ್ಷ ಒಂದೇ ರೂಟು, ನಲವತ್ತಾರು ಸ್ಟಾಪು. ಈಗ ಆ ರೂಟೂ ಇಲ್ಲ, ರಸ್ತೆಯ ಅರ್ಧ ಮೇಲ್ಸೇತುವೆಯ ಕೆಳಗೆ ಹೋಗಿದೆ. ಅವರು ಅದನ್ನು ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುತ್ತಿದ್ದರು. ಸುಮ್ಮನೆ ನೋಡುವ ಚಿತ್ರವಲ್ಲ, ಒಳಗೆ ಹೋಗಿ ಬಸ್ ಓಡಿಸಬಹುದಾದ ರಸ್ತೆ, ಗೇಮುಗಳಲ್ಲಿ ಇರುತ್ತದಲ್ಲ ಹಾಗೆ. ವಿಡಿಯೋ ನೋಡಿ ನೋಡಿ ಕಲಿತರು. ಮನೆಯ ಹಳೇ ಮೆಷಿನ್ನಿನಲ್ಲಿ ರಸ್ತೆ ಕಟ್ಟಬಹುದಿತ್ತು, ಬಸ್ ಮಾತ್ರ ಓಡುತ್ತಿರಲಿಲ್ಲ. ಮೊದಲ ತಿಂಗಳೆಲ್ಲ ಮೌಸನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು, ಅಭ್ಯಾಸಬಲ.

ಇಷ್ಟೆಲ್ಲ ಒದ್ದಾಟ ಹೆಂಡತಿಗಾಗಿ. ಆಕೆ ಟೈಲರಮ್ಮ. ಮೂವತ್ತೊಂದು ವರ್ಷ ಗಂಡನ ಯೂನಿಫಾರ್ಮ್ ಹೊಲಿದವರು, ಗಂಡನ ಬಸ್ಸನ್ನು ಒಮ್ಮೆಯೂ ಹತ್ತಿದವರಲ್ಲ. ಬಸ್ ಓಡುವ ಹೊತ್ತಿಗೆ ಅವರ ಅಂಗಡಿ ತೆರೆದಿರುತ್ತಿತ್ತು. ಅಂಗಡಿಗೆ ರಜಾ ಇದ್ದ ದಿನ ಗಂಡನಿಗೂ ರಜಾ, ರಜಾ ದಿನ ಡ್ರೈವರನ್ನು ಬಸ್ ಹತ್ತಿಸಿದವರು ಯಾರಿದ್ದಾರೆ? “ಮುಂದಿನ ತಿಂಗಳು ಬರ್ತೀನಿ, ಕಿಟಕಿ ಸೀಟು ಇಟ್ಟಿರಿ” ಅನ್ನುತ್ತಲೇ ಬಂದರು. ಈಗ ಟೈಲರಮ್ಮನ ಕಣ್ಣಿನಲ್ಲಿ ನೋಟದ ನಡುಭಾಗ ಮಾಸುತ್ತಿದೆ. ಅಂಚು ಕಾಣುತ್ತದೆ, ಮಧ್ಯ ಕಾಣುವುದಿಲ್ಲ. ಮಸುಕು ಇನ್ನೂ ದೊಡ್ಡದಾಗಬಹುದು, ಎಷ್ಟು ಬೇಗ ಅಂತ ಹೇಳೋಕಾಗಲ್ಲ ಎಂದು ಡಾಕ್ಟರು ಹೇಳಿದ್ದಾರೆ.

(ಮಧ್ಯದ ಮಾಡೆಲ್ ಇಲ್ಲ, ಮಧ್ಯದ ನೋಟವೂ ಇಲ್ಲ, ಕಥೆಗಾರ ಬೇಕೆಂದೇ ಜೋಡಿಸಿದ್ದಾನೆ ಅಂತ ಗೊಣಗುತ್ತಿದ್ದೀರಿ. ಹೌದು, ಜೋಡಿಸಿದೆ. ನನಗೆ ಬೇರೇನು ಕೆಲಸ?)

ಡ್ರೈವರ್ ಪೆನ್‌ಡ್ರೈವ್ ತಂದು ಮೊದಲು ಸಣ್ಣದಕ್ಕೆ ಚುಚ್ಚಿ ನೋಡಿದರು. ಬಸ್ಸು ಮೂರನೆಯ ಸ್ಟಾಪಿನಲ್ಲಿ ನಿಂತದ್ದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ದೊಡ್ಡದಕ್ಕೆ ಚುಚ್ಚಿದರು. ನಲವತ್ತಾರೂ ಸ್ಟಾಪು ನೀರು ಕುಡಿದ ಹಾಗೆ ಮುಗಿಸಿತು. ಬೆಲೆ ನೋಡಿದರು, ಪೆನ್‌ಡ್ರೈವ್ ಕಿತ್ತು ಜೇಬಿಗಿಟ್ಟರು.

ಅಕ್ಕನಿಗೆ ಪಾಪ ಅನ್ನಿಸಿತು. “ಸಾರ್, ಇದನ್ನ ಸಿನಿಮಾ ಥರ ಮಾಡ್ಕೊಂಡುಬಿಡಿ. ಯಾವ ಮೆಷಿನ್ನಲ್ಲಾದ್ರೂ ಓಡತ್ತೆ.”

“ಸಿನಿಮಾದಲ್ಲಿ ಓಡಿ ಬರೋರಿಗೆ ಅಂತ ಬಸ್ ನಿಲ್ಸೋಕಾಗತ್ತೇನಮ್ಮಾ? ಅವಳು ಇಲ್ಲಿ ನಿಲ್ಸಿ ಅಂದ್ರೆ ನಾನು ನಿಲ್ಲಿಸ್ಬೇಕು.” ಅಷ್ಟರಲ್ಲಿ ಚೀಟಿ ಕಣ್ಣಿಗೆ ಬಿತ್ತು. “ಇದು ಯಾವಾಗ ಬರತ್ತೆ?”

“ಬರತ್ತೆ ಸಾರ್, ಬೇಗ ಬರತ್ತೆ.”

ಮೊದಲನೆಯ ಸುಳ್ಳನ್ನು ಕಾಗದ ಹೇಳಿತ್ತು. ಎರಡನೆಯದನ್ನು ಅವಳೇ ಹೇಳಿದಳು.

ಆಮೇಲೆ ಪ್ರತಿ ಸೋಮವಾರ ಹನ್ನೊಂದಕ್ಕೆ ಸರಿಯಾಗಿ ಡ್ರೈವರ್ ಹಾಜರು. “ಬಂತೇನಮ್ಮಾ?” ಇಲ್ಲ ಅಂದರೆ ಬೇಜಾರೇ ಇಲ್ಲ, ಮನೆಯ ಸುದ್ದಿ ಹೇಳಿ ಹೋಗುವರು. ಎರಡನೆಯ ತಿಂಗಳಲ್ಲಿ ಸೂಜಿಗೆ ದಾರ ಪೋಣಿಸುವ ಕೆಲಸ ಅವರ ಪಾಲಿಗೆ ಬಂತು. ಐದನೆಯ ತಿಂಗಳಲ್ಲಿ ಟೈಲರಮ್ಮ ಅಂಗಡಿ ಮುಚ್ಚಿದರು. ಎಂಟನೆಯ ತಿಂಗಳಲ್ಲಿ ಡ್ರೈವರ್ ನಗುತ್ತಾ ಹೇಳಿದರು, “ಈಗ ನನ್ನ ಮುಖ ಕಾಣಲ್ವಂತಮ್ಮಾ. ಕಿವಿ ಎರಡೂ ಚೆನ್ನಾಗಿ ಕಾಣ್ತವಂತೆ.”

ಅಕ್ಕ ಆವತ್ತು ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಚೀಟಿ ತೆಗೆದುಬಿಡಬೇಕು ಅಂತ ಎರಡು ಸಲ ಕೈ ಚಾಚಿದಳು. ತೆಗೆದರೆ ಯಾಕೆ ತೆಗೆದೆ ಅಂತ ಹೇಳಬೇಕಾಗುತ್ತದೆ. ಇಟ್ಟರೆ ಆ ಕಣ್ಣು ಕಾಯುವುದಿಲ್ಲ. ಅವಳು ಕೈ ಹಿಂದಕ್ಕೆ ತಗೊಂಡಳು.

೨-ಅ (ಹರಿದು ಹಾಕಿದ್ದು)

‘ಮರುವಾರ ಕಂಪನಿಯಿಂದ ಒಂದು ದೊಡ್ಡ ಪೆಟ್ಟಿಗೆ ಬಂತು. ಅದರೊಳಗೆ ಹೊಚ್ಚ ಹೊಸ ಮಧ್ಯದ ಮಾಡೆಲ್...’

ಬೇಡ. ಕಂಪನಿಗಳು ಕಥೆಗಾರರ ಮಾತು ಕೇಳುವ ಹಾಗಿದ್ದರೆ ನನ್ನ ಪ್ರಿಂಟರ್ ಇಷ್ಟು ಹೊತ್ತಿಗೆ ಸರಿಹೋಗಿರುತ್ತಿತ್ತು.

೩

ಇಲ್ಲಿಗೆ ಬರುವಷ್ಟರಲ್ಲಿ ಡ್ರೈವರ್ ನನ್ನನ್ನೇ ತರಾಟೆಗೆ ತಗೊಂಡರು.

“ಅಲ್ಲಪ್ಪಾ, ಬರೆಯೋನು ನೀನು. ನಮ್ಮನೆಯವಳ ಕಣ್ಣು ಯಾಕೆ ತೆಗೀತೀಯ? ಕಥೆ ಚೆನ್ನಾಗಿ ಬರ್ಲಿ ಅಂತಾನಾ?”

ಅವರು ಹೇಳಿದ್ದು ನಿಜ. ಮೇಲಿನ ಎರಡು ಪುಟ ಅಳಿಸಿದೆ. ಟೈಲರಮ್ಮನಿಗೆ ಗಿಡುಗನಂಥ ಕಣ್ಣು ಕೊಟ್ಟು ಮತ್ತೆ ಬರೆದೆ. ಅರ್ಧ ಪುಟಕ್ಕೆ ಅವರು ಕತ್ತರಿ ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ಕಣ್ಣು ಸರಿ ಇದ್ರೆ ನಾನು ಯಾಕಪ್ಪಾ ಬಸ್ ಹತ್ತಲಿ? ಹತ್ತು ಬಟ್ಟೆ ಹೊಲಿಗೆಗೆ ಬಿದ್ದಿವೆ. ಮುಂದಿನ ತಿಂಗಳು ನೋಡೋಣ.”

ಹೀಗೆ ಆ ಡ್ರಾಫ್ಟೂ ಕೆಟ್ಟಿತು. ಅಳಿಸಿದ್ದನ್ನೆಲ್ಲ ವಾಪಸು ತಂದೆ. ಡ್ರೈವರ್ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಸೋಮವಾರ ಮಾತ್ರ ಅಂಗಡಿಗೆ ಹೋಗುತ್ತಿದ್ದಾರೆ.

೪

ಒಂಬತ್ತನೆಯ ತಿಂಗಳ ಮೊದಲ ಸೋಮವಾರ ಅವರು ಒಬ್ಬರೇ ಬರಲಿಲ್ಲ. ಅವರ ತೋಳು ಹಿಡಿದು ಟೈಲರಮ್ಮನೂ ಬಂದರು. ಅಕ್ಕ ಗಡಿಬಿಡಿಯಲ್ಲಿ ಕುರ್ಚಿ ತಂದು ಮೇಜಿನ ಮುಂದೆ, ಸರಿಯಾಗಿ ಮಧ್ಯಕ್ಕೆ ಹಾಕಿದಳು. ಟೈಲರಮ್ಮ ಕೂತು ಸೀರೆಯ ಸೆರಗು ಸರಿಮಾಡಿಕೊಂಡು ನೇರ ನೋಡಿದರು.

“ಎಡಗಡೆ ಒಂದು ಕಾಣ್ತಿದೆ. ಬಲಗಡೆ ಒಂದು ಕಾಣ್ತಿದೆ. ಮಧ್ಯದಲ್ಲಿ ಏನಿಟ್ಟಿದ್ದೀಯಮ್ಮಾ?”

“ಅಲ್ಲೇ ಕಣೇ ಹೊಸದು ಬರೋದು” ಅಂದರು ಡ್ರೈವರ್, ಸಂಭ್ರಮದಿಂದ.

ಅಕ್ಕ ಸುಮ್ಮನಿದ್ದರೂ ನಡೆಯುತ್ತಿತ್ತು. ಕೇಳಿದವರಿಗೆ ಅಲ್ಲೇನಿದೆ ಅಂತ ಕಾಣುವುದಿಲ್ಲ, ಕಾಣುವವರು ಎಂಟು ತಿಂಗಳಿಂದ ನಂಬಿದ್ದಾರೆ. (ನಾನು ಅವಳಿಗೆ ಇನ್ನೊಂದು ಸುಳ್ಳು ಬರೆದುಕೊಟ್ಟೆ, ಒಳ್ಳೆಯ ಸುಳ್ಳು. ಅವಳು ತಗೊಳ್ಳಲಿಲ್ಲ.)

“ಏನೂ ಇಲ್ಲಮ್ಮ, ಖಾಲಿ” ಅಂದಳು. “ಒಂದು ಚೀಟಿ ಇದೆ, ಅದು ನಾನೇ ಮಾಡಿಟ್ಟಿದ್ದು. ಕಂಪನಿಯೋರು ಏನೂ ಹೇಳಿರಲಿಲ್ಲ. ಮೇಜು ಬೋಳಾಗಿ ಕಾಣತ್ತೆ ಅಂತ ಇಟ್ಟೆ. ತಪ್ಪಾಯ್ತು ಸಾರ್. ಇಷ್ಟು ದಿನ ನಿಮ್ಮನ್ನ ಸುಮ್ಮನೆ ಅಲೆಸಿದೆ.”

ಡ್ರೈವರ್ ಚೀಟಿಯನ್ನು ಎತ್ತಿ ಒಳಗೆ, ಹೊರಗೆ ನೋಡಿದರು.

“ಎಂಟು ನಿಮಿಷ ಲೇಟಾದ್ರೆ ಜನ ನನ್ನ ಜನ್ಮ ಜಾಲಾಡ್ತಿದ್ರಮ್ಮಾ” ಅಂದರು. “ಇದು ಎಂಟು ತಿಂಗಳು. ಅವಳ ಹತ್ರ ಇದ್ದಿದ್ದೇ ಅಷ್ಟು.”

ಅಕ್ಕನ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ, ತನಗೆ ಆ ಹಕ್ಕಿಲ್ಲ ಅನ್ನಿಸಿತು.

ಆಗ ಟೈಲರಮ್ಮ ನಕ್ಕರು. “ಸದ್ಯ! ನನ್ನ ಕಣ್ಣಿನ ತಪ್ಪಲ್ಲ. ಇಲ್ಲದ್ದು ಇಲ್ಲ ಅಂತಾನೇ ಕಾಣ್ತಿದೆ.” ಮತ್ತೆ ಎಡಕ್ಕೆ, ಬಲಕ್ಕೆ ಕೊರಳು ಅಲ್ಲಾಡಿಸದೆ ನೋಡಿದರು. “ರೀ, ಬೈದಿದ್ದು ಸಾಕು, ಇಲ್ಲಿ ಕೇಳಿ. ಇದು ಎರಡೂ ಕಡೆ ಕಿಟಕಿ ಇದ್ದ ಹಾಗಿದೆ. ಮುಂದಿನ ಗಾಜು ಬೇಕಾಗಿರೋದು ನಿಮಗೆ. ನಾನು ಪ್ಯಾಸೆಂಜರ್ರು, ನನಗೆ ಯಾಕೆ?”

ಅಕ್ಕನಿಗೆ ಮೊದಲು ಹೊಳೆಯಿತು.

“ಸಾರ್, ಪೆನ್‌ಡ್ರೈವ್ ಕೊಡಿ. ರಸ್ತೆಯ ಎಡಗಡೆ ಮಾತ್ರ ಇಟ್ಕೊಳ್ಳಿ, ಬಾಕಿ ಎಲ್ಲಾ ತೆಗೀರಿ.”

ಡ್ರೈವರ್ ಮುಖ ಗಂಟಿಕ್ಕಿಕೊಂಡೇ ಅರ್ಧ ರಸ್ತೆ ತೆಗೆದರು. ಸಣ್ಣ ಮೆಷಿನ್ ಮೂರನೆಯ ಸ್ಟಾಪಿಗೆ ಬಂತು. ಬಸ್ಸು ಮೂರನ್ನು ದಾಟಿತು, ನಾಲ್ಕನ್ನು ದಾಟಿತು. ಹನ್ನೆರಡರವರೆಗೆ ಡ್ರೈವರ್ ಜೋರಾಗಿ ಎಣಿಸಿದರು, ಆಮೇಲೆ ಎಣಿಸುವುದು ಬಿಟ್ಟು ನೋಡುತ್ತಾ ನಿಂತರು. ಒಂದು ಸಣ್ಣದಕ್ಕೆ ಎಡಕಿಟಕಿ, ಇನ್ನೊಂದು ಸಣ್ಣದಕ್ಕೆ ಬಲಕಿಟಕಿ. ಎರಡು ಸೇರಿದರೂ ಬೆಲೆ ದೊಡ್ಡದರ ಹತ್ತಿರ ಸುಳಿಯುವುದಿಲ್ಲ.

(ಎರಡು ಮೆಷಿನ್ ಒಟ್ಟಿಗೆ ಹೇಗೆ ಓಡುತ್ತವೆ ಅಂತ ಕೇಳುವವರಿಗೆ: ಅಂಗಡಿಯ ಮಹಡಿಯ ಮೇಲಿನ ರಿಪೇರಿಯವರು ವೈರು ಎಳೆದು ಜೋಡಿಸಿದರು. ಒಂಬತ್ತು ದಿನ ಹಿಡಿಯಿತು. ಹೆಚ್ಚಿಗೆ ನನ್ನನ್ನು ಕೇಳಬೇಡಿ.)

೫

ಈಗ ಅಂತ್ಯ. ನನ್ನ ಹತ್ತಿರ ಮೂರಿವೆ.

ಒಂದರಲ್ಲಿ ಡ್ರೈವರ್ ಅಕ್ಕನನ್ನು ಕ್ಷಮಿಸುತ್ತಾರೆ. ಅವರನ್ನು ಕೇಳಿದೆ. ನನ್ನ ಕಡೆ ನೋಡದೆ ಹೆಂಡತಿಗೆ, “ಅದನ್ನ ನಾನು, ಆ ಅಂಗಡಿಯಮ್ಮ ನೋಡ್ಕೋತೀವಿ, ಮಧ್ಯೆ ಬರಬೇಡ ಅಂತ ಅವನಿಗೆ ಹೇಳು” ಅಂದರು. ಇನ್ನೊಂದರಲ್ಲಿ ಟೈಲರಮ್ಮನಿಗೆ ಪೂರ್ತಿ ಕತ್ತಲಾಗುತ್ತದೆ. ಅದನ್ನು ಬರೆಯಲು ಕೂತಾಗ ನನ್ನ ಕೈಯೇ ಬರಲಿಲ್ಲ. ಮೂರನೆಯದು ಇದು.

ಬೆಳಗ್ಗೆ ಹತ್ತು ಗಂಟೆ, ಟೈಲರಮ್ಮನ ಹೊಲಿಗೆ ಕೋಣೆ. ಬಟ್ಟೆ ಕತ್ತರಿಸುವ ಮೇಜಿನ ಎರಡು ತುದಿಗೆ ಎರಡು ಸಣ್ಣ ಡೆಸ್ಕ್‌ಟಾಪು. ನಡುವಿನ ಖಾಲಿ ಜಾಗದ ಮುಂದೆ ಸ್ಟೂಲಿನ ಮೇಲೆ ಡ್ರೈವರ್, ತೊಡೆಯ ಮೇಲೆ ಕೀಬೋರ್ಡು. ಅವರ ಬೆನ್ನ ಹಿಂದೆ ಟೈಲರಮ್ಮ. ಅಕ್ಕನನ್ನೂ ಕರೆದಿದ್ದಾರೆ, ಗೋಡೆಯ ಪಕ್ಕದ ಸೀಟಿನಲ್ಲಿ ಮುದುರಿ ಕೂತಿದ್ದಾಳೆ. ಯೂನಿಫಾರ್ಮ್ ಹಾಕದ ಡ್ರೈವರಿನ ಬಸ್ ಹತ್ತಲ್ಲ ಅಂತ ಟೈಲರಮ್ಮ ಪಟ್ಟು ಹಿಡಿದದ್ದರಿಂದ ಹಳೆಯ ಅಂಗಿ ಹೊರಬಂದಿದೆ. ಹೊಟ್ಟೆಯ ಹತ್ತಿರದ ಒಂದು ಗುಂಡಿ ಮಾತು ಕೇಳುತ್ತಿಲ್ಲ.

“ಮುಖ ಕಾಣ್ತಿಲ್ಲ” ಅಂದರು ಟೈಲರಮ್ಮ. “ಆದ್ರೂ ಆ ಕಿವಿ ನಮ್ಮ ಡ್ರೈವರದ್ದೇ. ಹೊರಡಿ.”

ಬಸ್ ಹೊರಟಿತು. ಮುಂದಿನ ಗಾಜಿಲ್ಲ, ಆದರೆ ಡ್ರೈವರಿಗೆ ಆ ರಸ್ತೆ ಬಾಯಿಪಾಠ. ಎಡಗಡೆ ಬೇಕರಿ, ಬಲಗಡೆ ಶಾಲೆಯ ಕಾಂಪೌಂಡು. ಟೈಲರಮ್ಮ ಹದಿನಾಲ್ಕು ಕಡೆ ನಿಲ್ಲಿಸಿದರು. “ಇದೇನಾ ನೀವು ಹೇಳ್ತಿದ್ದ ಹುಣಸೆಮರ? ಇಷ್ಟು ದೊಡ್ಡದು ಅಂತ ಹೇಳಲೇ ಇಲ್ಲ.” ಮೂವತ್ತೊಂದು ವರ್ಷ ಊಟದ ಹೊತ್ತಿಗೆ ಕೇಳಿದ ರಸ್ತೆ, ಈಗ ಎರಡೂ ಕಡೆಯಿಂದ ಹಾದುಹೋಗುತ್ತಿದೆ. ನಲವತ್ತೈದನೆಯ ಸ್ಟಾಪಿನಲ್ಲಿ ಡ್ರೈವರ್ ತಿರುಗದೆಯೇ ಕೂಗಿದರು.

“ಮುಂದಿನದು ಕೊನೇ ಸ್ಟಾಪು. ಇಳಿಯೋರು ಇದ್ದೀರಾ?”

ಟೈಲರಮ್ಮ ಕೈ ಮುಂದೆ ಚಾಚಿ, ಕಾಣದ ಜಾಗದಲ್ಲಿ ತಡಕಿ, ಗಂಡನ ಹೆಗಲು ಹಿಡಿದರು. ತಾವೇ ಹೊಲಿದ ಹೊಲಿಗೆಯ ಮೇಲೆ ಬೆರಳು ಆಡಿತು.

“ಯಾರೂ ಇಲ್ಲ ರೀ. ತಿರುಗಿಸ್ಕೊಳ್ಳಿ.”

ಡ್ರೈವರ್ ಬಸ್ ತಿರುಗಿಸಿದರು. ಈಗ ಬೇಕರಿಯ ಸಾಲು ಬಲಕ್ಕೆ ಬಂತು, ಹುಣಸೆಮರ ಇನ್ನೊಂದು ಕಿಟಕಿಗೆ. ಇಲ್ಲಿ ಪೂರ್ಣವಿರಾಮ ಇಡೋಣ ಅಂತ ನಾನು ಎದ್ದು ಬಾಗಿಲಿನ ಹತ್ತಿರ ಹೋದೆ. ಡ್ರೈವರ್ ಎಷ್ಟೋ ದಿನದ ಮೇಲೆ ನನ್ನ ಜೊತೆ ಮಾತಾಡಿದರು.

“ಬಸ್ ಓಡ್ತಿರುವಾಗ ಇಳೀಬಾರದಪ್ಪಾ, ಕೂತ್ಕೋ.”

ಅಕ್ಕ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಕೂತಿದ್ದೇನೆ,