ಪೂಜೆಗೆ ಕೂತ ಬಂದೂಕು

ಬೆಂಗೇರಿಯ ಫಕೀರಪ್ಪನಿಗೆ ಬಂದೂಕಿನ ಹುಚ್ಚು ಹಿಡಿದದ್ದು ಕಳ್ಳರ ಭಯದಿಂದಲ್ಲ. ಹತ್ತಿ ಮಾರಲು ಹುಬ್ಬಳ್ಳಿಗೆ ಹೋದಾಗ ಅರಳೆ ಸಾಹುಕಾರನೊಬ್ಬನ ಪಡಸಾಲೆಯ ಗೋಡೆಯ ಮೇಲೆ ಜೋಡುನಳಿಗೆಯ ಬಂದೂಕನ್ನು ಕಂಡ. ಬಂದವರೆಲ್ಲ ಮೊದಲು ಬಂದೂಕಿನ ಕಡೆ ನೋಡಿ, ಆಮೇಲೆ ಸಾಹುಕಾರನಿಗೆ ಕೈ ಮುಗಿಯುತ್ತಿದ್ದರು. ಅಂದಿನಿಂದ ಇವನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಬೈರಿದೇವರಕೊಪ್ಪದಲ್ಲಿ ಯಾರದೋ ಎತ್ತು ಕಳುವಾದ ಸುದ್ದಿ ಒಳ್ಳೆಯ ನೆಪವಾಗಿ ಒದಗಿಬಂತು.

ಗಂಡನ ಶೌರ್ಯ ಎಷ್ಟೆಂಬುದು ಗೌರಕ್ಕನಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. ಹಲ್ಲಿ ಲೊಚಗುಟ್ಟಿದರೆ ಹೊಸ್ತಿಲ ಹೊರಗಿಟ್ಟ ಕಾಲನ್ನು ಒಳಗೆ ಎಳೆದುಕೊಳ್ಳುವ ಗಂಡಸು ಅವನು. ಅವನನ್ನು ನಂಬಿ ಮನೆ ಕಾಯುವಷ್ಟು ದಡ್ಡಿ ಅವಳಾಗಿರಲಿಲ್ಲ. ಅದಕ್ಕೇ ಅವಳೂ ಪಕ್ಕದ ಮನೆಯ ಹಾಜರಾಬಿಯೂ ಸೇರಿ ಒಂದು ಹಂಚಿಕೆ ಮಾಡಿಕೊಂಡಿದ್ದರು. ದನ ಕಟ್ಟುವ ಅಂಕಣದ ಗೋಡೆಯಲ್ಲಿ ತೂತು ಕೊರೆದು, ನಡುವಿನ ಸಂದಿಯನ್ನು ದಾಟಿಸಿ, ಹಾಜರಾಬಿಯ ಮನೆಯೊಳಕ್ಕೆ ಒಂದು ಹುರಿ ಎಳೆದಿದ್ದರು. ಆ ಕಡೆಯ ತುದಿಗೆ ಒಂದು ಹಿತ್ತಾಳೆ ಗಂಟೆ. ಈ ಕಡೆ ಹುರಿ ಜಗ್ಗಿದರೆ ಆ ಕಡೆ ಗಂಟೆ ಬಡಿದುಕೊಳ್ಳುತ್ತಿತ್ತು, ಹಾಜರಾಬಿಯ ಇಬ್ಬರು ಗಟ್ಟಿಮುಟ್ಟಾದ ಮಕ್ಕಳು ಬಡಿಗೆ ಹಿಡಿದು ಓಡಿಬರುತ್ತಿದ್ದರು.

ಆ ಗಂಟೆ ಗೌರಕ್ಕನ ತವರಿನಿಂದ ಬಂದ ಆಕಳ ಕೊರಳಲ್ಲಿದ್ದದ್ದು. ಎರಡನೆಯ ಕರು ಹಾಕಿದ ವಾರದಲ್ಲೇ ಆಕಳು ಸತ್ತಿತು. ಆ ಕರುವಿಗೆ ಅವಳು ಅರಿವೆಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಬದುಕಿಸಿದಳು. ಅದೇ ಈಗಿನ ಬಿಳಿಯ, ಅದರಣ್ಣ ಕೆಂದ. ಮಕ್ಕಳಿಲ್ಲದ ಗೌರಕ್ಕನಿಗೆ ಆ ಜೋಡಿ ಎತ್ತೇ ಸರ್ವಸ್ವ. ಮನೆಯಲ್ಲಿ ದುಡಿಯುವ ಗಂಡಸರೆಂದರೆ ಅವೆರಡೇ ಎಂದು ಅವಳು ಗಂಡನ ಮುಂದೆಯೇ ಹೇಳುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಕಳ್ಳರು ಬಂದಾಗ ಹುರಿ ಜಗ್ಗಿದವಳು ಗೌರಕ್ಕ. ಬಡಿಗೆಯ ಸಪ್ಪಳಕ್ಕೆ ಕಳ್ಳರು ಕಾಲಿನ ಕೆರ ಬಿಟ್ಟು ಓಡಿದರು. ಫಕೀರಪ್ಪ ಮಾತ್ರ ಕಂಬಳಿಯೊಳಗಿಂದ ತಲೆ ಹೊರಗೆ ಹಾಕಿ, "ಹ್ವಾದ್ರೇನ?" ಎಂದು ಕೇಳಿದ್ದ.

ಅಂಥವನು ಕಚೇರಿಗಳಿಗೆ ಅಲೆದು, ಕೆರ ಸವೆಸಿ, ಕೊನೆಗೂ ಪರವಾನಿಗೆ ತಂದ, ಬಂದೂಕನ್ನೂ ತಂದ. ಬಂದ ದಿನ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಟ್ಟೆಯ ಮೇಲೆ ಕೂತ. ಊರೆಲ್ಲ ನೋಡಲು ಬಂತು. ತೋಟಾಗಳನ್ನು ಸಂದೂಕದಲ್ಲಿಟ್ಟು, ಅದರ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

"ಕಳ್ಳ ಬಂದಾಗ ಸಂದೂಕ ತಗದು, ತೋಟಾ ಹುಡುಕಿ, ತುಂಬೂತನಕ ಅಂವಗ ನಿಂದ್ರು ಅಂತೀರೇನ್ರಿ?" ಎಂದಳು ಗೌರಕ್ಕ. "ಚಾ ಮಾಡಿ ಕೊಡ್ಲೇನು ಅಂವಗ?"

"ನಿನಗೇನ ತಿಳೀತೈತಿ? ಬಂದೂಕಿದ್ದ ಮನಿಗಿ ಕಳ್ಳ ಬರಂಗೇ ಇಲ್ಲ. ಇನ್ನ ಆ ದನದ ಗಂಟಿ ಬಾರಿಸಿ ಮಂದೀನ ಕರದ್ರ ನನ್ನ ಮರ್ಯಾದಿ ಏನಾತು?"

ಮರ್ಯಾದೆ ಉಳಿಸಿಕೊಳ್ಳಲು ಅವನು ಕುಡುಗೋಲು ಹಿಡಿದು ಸಂದಿಯೊಳಗೆ ಹೋಗಿ ಹುರಿಯನ್ನು ಕತ್ತರಿಸಿದ. ಒಳಗಿನ ತುಂಡನ್ನು ಎಳೆದು ಹಾಕುವಷ್ಟು ಕೆಲಸವೂ ಅವನಿಗೆ ಆಗಿಬರದು. ಅದು ಎತ್ತುಗಳಿಗೆ ಮೇವು ಹಾಕುವ ಗ್ವಾದಲಿಯ ಮೇಲಿನ ಗೂಟಕ್ಕೆ ಹಾಗೇ ಜೋತುಬಿದ್ದಿತು.

ಅಷ್ಟಕ್ಕೇ ನಿಂತಿದ್ದರೆ ಗೌರಕ್ಕ ಎರಡು ಗಂಟು ಹಾಕಿ ಹುರಿಯನ್ನು ಸರಿಮಾಡಿಕೊಳ್ಳುತ್ತಿದ್ದಳು. ಮರುದಿನ ಈ ಮಹಾಶಯ ಊರಲ್ಲಿ ಡಂಗುರ ಹೊಡೆಸಿದ. ಫಕೀರಪ್ಪನ ಮನೆಗೆ ಬಂದೂಕು ಬಂದಿದೆ, ಇನ್ನು ಮುಂದೆ ಆ ಮನೆಯಲ್ಲಿ ಎಂಥ ಗದ್ದಲವಾದರೂ ಯಾರೂ ಹತ್ತಿರ ಸುಳಿಯಬಾರದು, ಗುಂಡಿಗೆ ತನ್ನವರು ಪರರು ಎಂಬುದು ತಿಳಿಯುವುದಿಲ್ಲ ಎಂದು ಸಾರಿಸಿದ. ಊರಿಗೆ ಊರೇ ತನ್ನನ್ನು ಕಂಡು ಹೆದರಿತೆಂದು ಅವನ ಎದೆ ಉಬ್ಬಿತು.

ಹಾಜರಾಬಿ ಸಂಜೆ ಬಂದು ಬಾಗಿಲಲ್ಲೇ ನಿಂತಳು. ಗಂಟೆ ಅವಳ ಸೆರಗಿನಲ್ಲಿತ್ತು.

"ಇದನ್ನ ನೀನ ಇಟ್ಕೊ ಅಕ್ಕಾ. ಸಿಟ್ಟಾಗಬ್ಯಾಡ. ಇಬ್ಬರ ಮಕ್ಕಳ ಅದಾರ ನನಗ. ಕತ್ತಲದಾಗ ನಿನ್ನ ಗಂಡಗ ಕಳ್ಳ ಯಾರು, ನನ್ನ ಮಗ ಯಾರು ಅಂತ ಗೊತ್ತಾಗತೈತೇನು?"

"ಅಂವಗ ಹಾಡಹಗಲಾಗೂ ಗೊತ್ತಾಗಂಗಿಲ್ಲ," ಎಂದಳು ಗೌರಕ್ಕ. ಗಂಟೆಯನ್ನು ತೆಗೆದುಕೊಂಡಳು. ಅಂದಿನಿಂದ ಅವಳ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಎತ್ತು ಮಿಸುಕಿದರೂ ಎದ್ದು ಕೂಡುತ್ತಿದ್ದಳು. ಕಳ್ಳ ಬಂದರೆ ತನ್ನ ಎತ್ತುಗಳಿಗೆ ಯಾರು ಗತಿ ಎಂಬ ಒಂದೇ ಚಿಂತೆ. ಪಕ್ಕದಲ್ಲಿ ಬಂದೂಕಿನ ಒಡೆಯ ಗೊರಕೆ ಹೊಡೆಯುತ್ತಿದ್ದ.

ಮಹಾನವಮಿ ಬಂತು. ಆ ದಿನ ಖಂಡೇಪೂಜೆ. ಮನೆಯ ಕೊಡಲಿ, ಕುಡುಗೋಲು, ಬಡಿಗೆ, ಇದ್ದಬದ್ದ ಹತಾರವೆಲ್ಲ ಪೂಜೆಗೆ ಕೂಡುತ್ತವೆ. ಮರುದಿನ ಬನ್ನಿ ಮುಡಿಯುವವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ಫಕೀರಪ್ಪ ಬಂದೂಕನ್ನು ನಟ್ಟನಡುವೆ ಮಣೆಯ ಮೇಲೆ ಕೂರಿಸಿ, ವಿಭೂತಿ ಬಳಿದು, ಎರಡೂ ನಳಿಗೆಗೆ ಚೆಂಡುಹೂ ಸಿಕ್ಕಿಸಿ, ಹಿಡಿಕೆಗೆ ಅರಿಷಿಣದ ದಾರ ಸುತ್ತಿದ. ಸಂದೂಕದ ಕೀಲಿಕೈಯನ್ನೂ ಉಡಿದಾರದಿಂದ ಬಿಚ್ಚಿ ಅದರ ಮುಂದಿಟ್ಟ. ಮದುವೆಯ ದಿನ ಸಹ ಇಷ್ಟು ಭಕ್ತಿಯಿಂದ ಅವನು ಕೂತಿರಲಿಲ್ಲ.

ದೀಪ ಹಚ್ಚುವ ಹೊತ್ತು. ಹಿತ್ತಲ ಬಾಗಿಲನ್ನು ನೂಕಿ ಮೂವರು ಒಳಗೆ ಬಂದರು. ಮುಖಕ್ಕೆ ಅರಿವೆ ಕಟ್ಟಿಕೊಂಡಿದ್ದರು. ಅವರಿಗೇನೂ ಅವಸರವಿದ್ದಂತೆ ಕಾಣಲಿಲ್ಲ. ಹಬ್ಬ ಯಾವುದೆಂದು ಅವರಿಗೂ ಗೊತ್ತಿತ್ತು. ಒಬ್ಬ ಕೆಂದನ ಹಗ್ಗ ಬಿಚ್ಚತೊಡಗಿದ, ಇನ್ನೊಬ್ಬ ಬಿಳಿಯನದು.

"ಏನ್ರಿ! ಬಂದೂಕ ತಗೊಳ್ರಿ!" ಎಂದು ಗೌರಕ್ಕ ಚೀರಿದಳು.

ಫಕೀರಪ್ಪ ಎದ್ದ, ಕೂತ, ಮತ್ತೆ ಎದ್ದ. "ಪೂಜಿಗಿ ಕುಂತೈತಲ್ಲ! ಇನ್ನೂ ಬನ್ನಿ ಮುಡಿದಿಲ್ಲ! ಹೆಂಗ ಮುಟ್ಲಿ?"

"ದೇವರಿಗೆ ನಾ ಹೇಳತೇನಿ, ತಗೊಳ್ರಿ!"

"ತೋಟಾ ಸಂದೂಕದಾಗ ಅದಾವು. ಕೀಲಿಕೈನೂ ಪೂಜಿಗಿ ಇಟ್ಟೇನಿ..."

ಅವನಿಗೆ ಆಮೇಲೆ ಹೊಳೆದದ್ದೊಂದೇ. ಓಡಿಹೋಗಿ, ಗೂಟದಲ್ಲಿ ಜೋತುಬಿದ್ದ ಹುರಿಯನ್ನು ಎರಡೂ ಕೈಯಿಂದ ಹಿಡಿದು ಜೋರಾಗಿ ಜಗ್ಗಿದ. ತಾನೇ ಕತ್ತರಿಸಿದ ಹುರಿಯ ತುಂಡು ಗೋಡೆಯಿಂದ ಕಿತ್ತು ಅವನ ಕೈಗೆ ಬಂತು. ಅದನ್ನು ಹಿಡಿದು ಅವನು ಗೋಡೆಯ ತೂತನ್ನೇ ನೋಡುತ್ತ ನಿಂತ.

ಗೌರಕ್ಕ ಬಿಳಿಯನ ಕೊರಳಿಗೆ ಜೋತುಬಿದ್ದಳು. ನೂಕಿದರು. ಬಿದ್ದಳು. ಮೊಣಕೈ ಒಡೆದು ರಕ್ತ ಬಂತು. "ಹಾಜರಾ! ಹಾಜರಾ!" ಎಂದು ಕೂಗಿದಳು. ಪಕ್ಕದ ಮನೆಯಲ್ಲಿ ಬಾಗಿಲಿಗೆ ಅಗುಳಿ ಬಿದ್ದ ಸಪ್ಪಳ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಓಣಿಯುದ್ದಕ್ಕೂ ಅದೇ ಸಪ್ಪಳ. ಊರು ಗುಂಡಿನ ಸದ್ದಿಗೆ ಕಾದು ಕೂತಿತ್ತು.

ಕೊನೆಗೆ ಹೋದ ಕಳ್ಳ ಪೂಜೆಯ ಮುಂದೆ ಒಂದು ಗಳಿಗೆ ನಿಂತು, ಬಂದೂಕಿಗೆ ಕೈ ಮುಗಿದು, ಒಡೆದ ಕಾಯಿಯ ಒಂದು ಹೋಳನ್ನು ತೆಗೆದುಕೊಂಡು ಹೋದ.

ಬೆಳಗಾಗುತ್ತಲೇ ಹಾಜರಾಬಿಯ ಮಕ್ಕಳು ಗೊರಸಿನ ಗುರುತು ಹಿಡಿದು ಉಣಕಲ್ ಕೆರೆಯವರೆಗೂ ಹೋಗಿ, ಬರಿಗೈಯಲ್ಲಿ ತಿರುಗಿ ಬಂದರು. ಹಾಜರಾಬಿ ಗೌರಕ್ಕನ ಮೊಣಕೈಗೆ ಅರಿಷಿಣ ಮೆತ್ತುತ್ತ ಕಣ್ಣೀರು ಹಾಕಿದಳು. "ಅವರು ಬಡಿಗಿ ಹಿಡದ ನಿಂತಿದ್ರಕ್ಕಾ. ನಾನ ಅಗಳಿ ಹಾಕಿದ್ನಿ. ನಿನ್ನ ದನಿ ಕೇಳಿ ಕೇಳಿ ಹಾಕಿದ್ನಿ."

"ಛಲೋ ಮಾಡಿದಿ," ಎಂದಳು ಗೌರಕ್ಕ. "ನಿನ್ನ ಜಾಗಾದಾಗ ನಾ ಇದ್ರೂ ಅದನ್ನ ಮಾಡತಿದ್ನಿ." ಅದು ಖರೇ ಮಾತಾಗಿತ್ತು.

ಸಂಜೆ ಫಕೀರಪ್ಪ ಬಂದೂಕನ್ನು ಹೆಗಲಿಗೇರಿಸಿಕೊಂಡು ಬನ್ನಿಗಿಡಕ್ಕೆ ಹೋದ. ಪೂಜೆ ಮುಗಿದಿತ್ತು, ಈಗ ಅಡ್ಡಿಯಿರಲಿಲ್ಲ. ಆಕಾಶಕ್ಕೆ ಒಂದು ಗುಂಡು ಹಾರಿಸಿದ. ಆಕಾಶಕ್ಕೇನೂ ಆಗಲಿಲ್ಲ. ಮನೆಗೆ ಬಂದು, ಬನ್ನಿ ಕೊಡಲು ಬಂದವರ ನಡುವೆ ಮೀಸೆ ತೀಡುತ್ತ ಕೂತ.

"ನಿನ್ನಿ ಪೂಜಿ ಒಂದ ಇರಲಿಲ್ಲ ಅಂದ್ರ ಮೂರೂ ಹೆಣಾ ಬೀಳತಿದ್ವು ನೋಡ್ರಿ. ಧರ್ಮಕ್ಕ ತಲಿ ಬಾಗಿದ್ನಿ."

ಗೌರಕ್ಕ ಒಳಗಿಂದ ನೊಗವನ್ನು ಎಳೆದು ತಂದಳು. ಎಲ್ಲರ ಎದುರಿಗೆ ಅದನ್ನು ಗಂಡನ ಕಾಲ ಮುಂದೆ ಧೊಪ್ಪನೆ ಹಾಕಿದಳು.

"ಹೊಲ ಹದಕ್ಕ ಬಂದೈತಿ. ನಾಳಿ ಬಿಳಿಜ್ವಾಳ ಬಿತ್ತಬೇಕು. ನೊಗದ ಒಂದ ಕಡೆ ನೀವು ನಿಲ್ರಿ. ಇನ್ನೊಂದ ಕಡೆ ನಿಮ್ಮ ಬಂದೂಕ ಕಟ್ಟತೇನಿ. ಜೋಡಿ ಛಲೋ ಒಪ್ಪತೈತಿ."

ಯಾರೂ ನಗಲಿಲ್ಲ. ಬಂದವರು ಒಬ್ಬೊಬ್ಬರಾಗಿ ಎದ್ದು, ಬನ್ನಿ ಎಲೆಯನ್ನು ಗೌರಕ್ಕನ ಕೈಗಿಟ್ಟು, ಬಂಗಾರದ್ಹಂಗ ಇರೋಣ ಎಂದು ಮೆಲ್ಲಗೆ ಹೇಳಿ ಹೊರಟುಹೋದರು. ಗ್ವಾದಲಿಯಲ್ಲಿ ನಿನ್ನೆ ಹಾಕಿದ ಮೇವು ಹಾಗೆಯೇ ಇತ್ತು. ಫಕೀರಪ್ಪನೂ ಎದ್ದ. ಬಂದೂಕನ್ನು ಎಲ್ಲಿಡಬೇಕೆಂದು ತಿಳಿಯದೆ, ಅದನ್ನು ಹಿಡಿದುಕೊಂಡೇ ನೊಗದ ಪಕ್ಕದಲ್ಲಿ ನಿಂತಿದ್ದ.